ನೊಬೆಲ್ ಎಂಬ ಅಡ್ಡಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಪ್ರತಿ ಅಕ್ಟೋಬರ್‌ನಲ್ಲಿ ಪತ್ರಿಕೆಗಳ ತುಂಬ ‘ನೊಬೆಲ್’ ಎಂಬ ಹೆಸರು ಕಾಣುತ್ತದೆ. ಸ್ವೀಡನ್ನಿನಲ್ಲಿ ಇದು ಬಳಕೆಯಲ್ಲಿರುವ ಸಾಮಾನ್ಯ ಅಡ್ಡಹೆಸರೇ? ಇಂಗ್ಲಿಷಿನ ‘ನೋಬಲ್’ ಪದಕ್ಕೂ ಇದಕ್ಕೂ ನಂಟಿದೆಯೇ? ಆಲ್‌ಫ್ರೆಡ್ ನೊಬೆಲ್ ಅವರಿಗೆ ಮಕ್ಕಳಿರಲಿಲ್ಲ ಎಂದು ಓದಿದ್ದೇನೆ. ಹಾಗಾದರೆ ಆ ಹೆಸರಿನವರು ಈಗ ಯಾರಾದರೂ ಇದ್ದಾರೆಯೇ?
– ಓದುಗರೊಬ್ಬರು, ಗದಗ

ಉತ್ತರ: ಸಾಮಾನ್ಯವಲ್ಲ, ಬಹಳ ಅಪರೂಪದ ಹೆಸರು. ‘ನೋಬಲ್’ಗೂ ಇದಕ್ಕೂ ಸಂಬಂಧವಿಲ್ಲ. ಉದಾತ್ತ ಎಂಬ ಅರ್ಥದ ಪದವೊಂದು ಸ್ವೀಡಿಷ್ ಭಾಷೆಯಲ್ಲೂ ಇದೇ ಕಾಗುಣಿತದಲ್ಲಿ ಇರುವುದರಿಂದ ಅಲ್ಲಿನವರಿಗೂ ಈ ಅನುಮಾನ ಬರುತ್ತದೆ. ಆದರೆ ಈ ಮನೆತನದ ಮೂಲ ಅರಮನೆಯಲ್ಲಿಲ್ಲ, ಒಬ್ಬ ರೈತನ ಮನೆಯಲ್ಲಿದೆ. ಆ ಹೆಸರಿನವರು ಇಂದಿಗೂ ಇದ್ದಾರೆ. ಅವರು ಆಲ್‌ಫ್ರೆಡ್ ಅವರ ಮಕ್ಕಳ ಕಡೆಯವರಲ್ಲ, ಅಣ್ಣಂದಿರ ಕಡೆಯವರು.

ಸ್ವೀಡನ್ನಿನ ದಕ್ಷಿಣದ ತುದಿಯಲ್ಲಿ ಸ್ಕೋನೆ ಎಂಬ ಸೀಮೆಯಿದೆ. ಗೋಧಿ, ಬಾರ್ಲಿ ಬೆಳೆಯುವ ಬಯಲುನಾಡು. ಅದರ ಪೂರ್ವ ಕರಾವಳಿಯಲ್ಲಿ, ಸಿಮ್ರಿಸ್‌ಹಾಮ್ನ್ ಎಂಬ ಸಣ್ಣ ಬಂದರಿನ ಹತ್ತಿರ, ಓಸ್ತ್ರಾ ನೊಬ್ಬೆಲೊವ್ ಎಂಬ ಹಳ್ಳಿ. ಓಸ್ತ್ರಾ ಎಂದರೆ ಮೂಡಣದ್ದು. ನೊಬ್ಬೆಲೊವ್ ಹೆಸರಿನ ಊರುಗಳು ಆ ಸೀಮೆಯಲ್ಲಿ ಒಂದಕ್ಕಿಂತ ಹೆಚ್ಚು ಇರುವುದರಿಂದ ದಿಕ್ಕು ಸೇರಿಸಿ ಕರೆಯಬೇಕು. ಬಡಗಣದ ನೊಬ್ಬೆಲೊವ್ ಈಗ ಲುಂಡ್ ನಗರದೊಳಗೇ ಸೇರಿಹೋಗಿದೆ. ಮೂಡಣ ನೊಬ್ಬೆಲೊವ್‌ನ ಓಲೊಫ್ ಎಂಬ ರೈತನಿಗೆ 1655ರಲ್ಲಿ ಒಬ್ಬ ಮಗ ಹುಟ್ಟಿದ. ಆಗ ಆ ಊರು ಸ್ವೀಡನ್ನಿನದೇ ಆಗಿರಲಿಲ್ಲ. ಸ್ಕೋನೆ ಡೆನ್ಮಾರ್ಕಿನ ದೊರೆಗೆ ಸೇರಿತ್ತು. 1658ರ ರೋಸ್ಕಿಲ್ಡೆ ಒಪ್ಪಂದದಲ್ಲಿ ಆ ಸೀಮೆ ಸ್ವೀಡನ್ನಿನ ಪಾಲಾದಾಗ ಹುಡುಗನಿಗೆ ಮೂರು ವರ್ಷ. ಸ್ವೀಡನ್ ಎಂದೊಡನೆ ಲೋಕಕ್ಕೆ ಮೊದಲು ನೆನಪಾಗುವ ಹೆಸರಿನ ಮೂಲಪುರುಷ ಹುಟ್ಟಿದ್ದು ಡೇನರ ನೆಲದಲ್ಲಿ.

ಆ ಕಾಲದ ರೈತಾಪಿ ಜನಕ್ಕೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಅಡ್ಡಹೆಸರು ಎಂಬುದೇ ಇರಲಿಲ್ಲ. ತಂದೆಯ ಹೆಸರಿಗೆ ‘ಸನ್’ ಸೇರಿಸಿದರೆ ಮಗ, ‘ದೊತ್ತೆರ್’ ಸೇರಿಸಿದರೆ ಮಗಳು. ಓಲೊಫ್‌ನ ಮಗ ಪೇರ್ ಓಲೊಫ್‌ಸನ್. ಆ ಪೇರ್‌ನ ಮಗ ಆಂಡೆರ್ಸ್ ಪೇರ್‌ಸನ್, ಮಗಳು ಪೇರ್ಸ್‌ದೊತ್ತೆರ್. ತಂದೆಯದೊಂದು, ಮಗನದೊಂದು, ಮೊಮ್ಮಗನದು ಮತ್ತೊಂದು. ಮದುವೆಯಾದ ಹೆಣ್ಣುಮಗಳೂ ತಂದೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದಳು. ನೊಬ್ಬೆಲೊವ್‌ನ ಹುಡುಗ ಹೊಲ ಉಳುತ್ತ ಊರಿನಲ್ಲೇ ಉಳಿದಿದ್ದರೆ ಅವನ ಹೆಸರು ಅವನ ಜೊತೆಗೇ ಮುಗಿಯುತ್ತಿತ್ತು.

ಅವನು ಓದಲು ಹೊರಟ. ಅಲ್ಲಿಂದ ಎಲ್ಲವೂ ಬದಲಾಯಿತು.

ವಿಶ್ವವಿದ್ಯಾಲಯದ ಭಾಷೆ ಲ್ಯಾಟಿನ್. ಸೇರುವಾಗ ದಾಖಲೆ ಪುಸ್ತಕದಲ್ಲಿ ಲ್ಯಾಟಿನ್ ರೂಪದ ಹೆಸರು ಬರೆಸುವುದು ವಾಡಿಕೆ. ಹಳ್ಳಿಯಿಂದ ಬಂದ ಹುಡುಗರ ಬಳಿ ಹೇಳಿಕೊಳ್ಳಲು ಮನೆತನದ ಹೆಸರಿಲ್ಲ. ಊರಿನ ಹೆಸರನ್ನೋ, ಹೊಲಮನೆಯ ಹೆಸರನ್ನೋ ಹಿಡಿದು ಅದಕ್ಕೆ ‘-ಇಯಸ್’ ಹಚ್ಚುತ್ತಿದ್ದರು. ನಿಮ್ಮ ಗದಗದ ಕವಿ ಹುಯಿಲಗೋಳ ನಾರಾಯಣರಾಯರಿಗೆ ಹುಯಿಲಗೋಳ ಎಂಬ ಊರೇ ಹೆಸರಿನ ಭಾಗವಾದ ಹಾಗೆ, ಈ ಹುಡುಗನಿಗೆ ನೊಬ್ಬೆಲೊವ್ ಹೆಸರಾಯಿತು. ಪೇರ್ ಎಂಬುದು ಪೇತ್ರುಸ್ ಆಯಿತು, ತಂದೆ ಓಲೊಫ್ ‘ಓಲೈ’ ಆದ, ಊರು ‘ನೊಬೆಲಿಯಸ್’ ಆಯಿತು: ಪೇತ್ರುಸ್ ಓಲೈ ನೊಬೆಲಿಯಸ್.

ಇದು ಇವನೊಬ್ಬನ ಕಥೆಯಲ್ಲ. ನಾವು ಶಾಲೆಯಲ್ಲಿ ಕಲಿತ ಎಷ್ಟೋ ಹೆಸರುಗಳು ಹೀಗೆಯೇ ಹುಟ್ಟಿದವು. ಜ್ವರ ಅಳೆಯುವಾಗ ನೆನೆಯುವ ಸೆಲ್ಸಿಯಸ್ ಹೆಲ್ಸಿಂಗ್‌ಲಾಂಡ್ ಸೀಮೆಯ ಹೋಗೆನ್ ಎಂಬ ಜಾಗದ ಲ್ಯಾಟಿನ್ ರೂಪ. ಹೋಗೆನ್ ಎಂದರೆ ದಿಬ್ಬ, ಲ್ಯಾಟಿನ್ನಿನಲ್ಲಿ ಎತ್ತರದ್ದು ‘ಸೆಲ್ಸುಸ್’. ರಸಾಯನಶಾಸ್ತ್ರಕ್ಕೆ ಧಾತುಗಳ ಸಂಕೇತಾಕ್ಷರಗಳನ್ನು ಕೊಟ್ಟ ಬೆರ್ಸೆಲಿಯಸ್ ಅವರ ಹೆಸರು ಬೆರಿಸೆಟ್ಟರ್ ಎಂಬ ಹೊಲಮನೆಯಿಂದ ಬಂದದ್ದು. ಎಲ್ಲಕ್ಕಿಂತ ಸೊಗಸಾದದ್ದು ಸಸ್ಯಗಳಿಗೆ ಹೆಸರಿಡುವ ಪದ್ಧತಿ ರೂಪಿಸಿದ ಕಾರ್ಲ್ ಲಿನೇಯಸ್ ಅವರದು. ಅವರ ಮನೆತನದ ಜಮೀನಿನಲ್ಲಿ ಲಿಂಡನ್ ಜಾತಿಯ ಒಂದು ಭಾರೀ ಮರವಿತ್ತು. ಅವರ ತಂದೆ ನಿಲ್ಸ್ ಇಂಗೆಮಾರ್‌ಸನ್ ಓದಲು ಹೋಗುವಾಗ ಆ ಮರವನ್ನು ನೆನೆದು ಲಿನೇಯಸ್ ಎಂಬ ಹೆಸರು ಕಟ್ಟಿಕೊಂಡರು. ಬಳಗದ ಬೇರೆಯವರು ಅದೇ ಮರವನ್ನು ಹಿಡಿದು ಒಬ್ಬರು ಲಿಂಡೆಲಿಯಸ್, ಇನ್ನೊಬ್ಬರು ತಿಲಿಯಾಂಡರ್ ಆದರು. ಒಂದು ಮರಕ್ಕೆ ಮೂರು ಮನೆತನಗಳು. ಗಿಡಮರಗಳಿಗೆ ಹೆಸರು ಕೊಟ್ಟ ಮನುಷ್ಯನಿಗೆ ಒಂದು ಮರ ಮೊದಲೇ ಹೆಸರು ಕೊಟ್ಟಿತ್ತು.

ಪೇತ್ರುಸ್ ನೊಬೆಲಿಯಸ್ 1682ರಲ್ಲಿ ಉಪ್ಸಾಲಾ ಸೇರಿದ. ಕಾನೂನು ಓದಿದ, ಸಂಗೀತದಲ್ಲೂ ಅವನಿಗೆ ಒಳ್ಳೆಯ ಗತಿಯಿತ್ತು. ಆಗ ಉಪ್ಸಾಲಾದ ದೊಡ್ಡ ವಿದ್ವಾಂಸ ಓಲೊಫ್ ರುಡ್‌ಬೆಕ್. ಮನುಷ್ಯದೇಹದ ದುಗ್ಧರಸ ನಾಳಗಳ ವ್ಯವಸ್ಥೆಯನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. ಪ್ಲೇಟೋ ಹೇಳಿದ ಅಟ್ಲಾಂಟಿಸ್ ಸ್ವೀಡನ್ನೇ ಎಂದು ಸಾಧಿಸಲು ಸಂಪುಟಗಟ್ಟಲೆ ಬರೆದವರೂ ಅವರೇ. ಅವರ ಮಗಳು ವೆಂಡೆಲಾಳನ್ನು ಪೇತ್ರುಸ್ 1696ರಲ್ಲಿ ಮದುವೆಯಾದ, ನ್ಯಾಯಾಧೀಶನಾದ, 1707ರಲ್ಲಿ ತೀರಿಕೊಂಡ. ರೈತನ ಮಗನೊಬ್ಬ ಓದಿನ ಬಲದಿಂದ ಅಂಥ ಮನೆಯ ಅಳಿಯನಾದದ್ದು ಸಣ್ಣ ಮಾತಲ್ಲ. ನೊಬೆಲ್ ಸಂತತಿಯ ಪ್ರತಿಭೆಗೆ ರುಡ್‌ಬೆಕ್ ರಕ್ತವೇ ಕಾರಣ ಎಂದು ಹೇಳುವ ರೂಢಿಯೊಂದಿದೆ. ಹೆಸರು ತಂದ ರೈತನ ಕಡೆಯನ್ನು ಹಾಗೆ ಬದಿಗೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ.

ಪೇತ್ರುಸ್‌ನ ಮಗ ಓಲೊಫ್ ನೊಬೆಲಿಯಸ್ ಚಿಕಣಿ ಚಿತ್ರಗಳ ಕಲಾವಿದ, ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯ ಶಿಕ್ಷಕ. 1760ರಲ್ಲಿ ಅವನು ತೀರಿಕೊಂಡಾಗ ಮಗ ಇಮ್ಮಾನುಯೆಲ್ ಇನ್ನೂ ಎಳೆಯ ಮಗು. ಈ ಇಮ್ಮಾನುಯೆಲ್ ದೊಡ್ಡವನಾಗಿ ಸೈನ್ಯದಲ್ಲಿ ಶಸ್ತ್ರವೈದ್ಯನಾದ, ಮುಂದೆ ಯೆವ್ಲೆ ಪಟ್ಟಣದಲ್ಲಿ ನೆಲೆಸಿದ. ಹೆಸರಿನ ಬಾಲವನ್ನು ಕತ್ತರಿಸಿ ‘ನೊಬೆಲ್’ ಮಾಡಿದವನು ಇವನೇ. ಲ್ಯಾಟಿನ್ ಬಾಲ ಕಳಚಿ, ಫ್ರೆಂಚ್ ಹೆಸರಿನಂತೆ ಕೊನೆಯಲ್ಲಿ ಒತ್ತು ಬರುವ ಚಿಕ್ಕ ಹೆಸರುಗಳು 18ನೇ ಶತಮಾನದ ಸ್ವೀಡನ್ನಿನಲ್ಲಿ ಜನರಿಗೆ ಹಿಡಿಸಿದ್ದವು. ಸ್ವೀಡಿಷರ ಬಾಯಲ್ಲಿ ಇಂದಿಗೂ ಒತ್ತು ‘ನೊ’ ಮೇಲಲ್ಲ, ‘ಬೆಲ್’ ಮೇಲೆ ಬೀಳುತ್ತದೆ. ಮೊದಲಕ್ಷರ ಎಳೆದು ‘ನೋಬಲ್’ ಎನ್ನುವುದಕ್ಕಿಂತ ನಮ್ಮ ಪತ್ರಿಕೆಗಳ ‘ನೊಬೆಲ್’ ಎಂಬ ಬರಹವೇ ಮೂಲಕ್ಕೆ ಹತ್ತಿರ. ನೊಬೆಲಿಯಸ್ ಎಂಬ ಉದ್ದ ಹೆಸರನ್ನೇ ಉಳಿಸಿಕೊಂಡವರೂ ಸ್ವೀಡನ್ನಿನಲ್ಲಿ ಇದ್ದಾರೆ.

ಇನ್ನು, ಇದು ಅಪರೂಪವಾಗಿ ಉಳಿದದ್ದು ಏಕೆ? ಸ್ವೀಡನ್ನಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಅದರಲ್ಲಿ ಆಂಡೆರ್‌ಸನ್ ಹೆಸರಿನವರೇ ಎರಡು ಲಕ್ಷಕ್ಕೂ ಹೆಚ್ಚು, ಯೋಹಾನ್‌ಸನ್ ಹೆಸರಿನವರೂ ಅಷ್ಟೇ. ಇವರೆಲ್ಲ ಒಬ್ಬನೇ ಆಂಡೆರ್ಸ್‌ನ ವಂಶದವರಲ್ಲ. 19ನೇ ಶತಮಾನದಲ್ಲಿ ಪಟ್ಟಣ ಸೇರಿದ ಕುಟುಂಬಗಳು ತಂದೆಯ ಹೆಸರನ್ನು ತಲೆಮಾರಿಗೊಮ್ಮೆ ಬದಲಿಸುವುದನ್ನು ಬಿಡತೊಡಗಿದವು. ಆಗ ಯಾರ ತಂದೆ ಆಂಡೆರ್ಸ್ ಆಗಿದ್ದನೋ ಆ ಮನೆಗಳೆಲ್ಲ ಆಂಡೆರ್‌ಸನ್ ಎಂದೇ ನಿಂತುಬಿಟ್ಟವು. 1901ರ ಡಿಸೆಂಬರ್ 5ರಂದು ಹೊರಟ ರಾಜಾಜ್ಞೆ ಕುಟುಂಬದ ಹೆಸರು ತೆಗೆದುಕೊಳ್ಳಲು ನಿಯಮ ಮಾಡಿ ಅದನ್ನು ಗಟ್ಟಿಮಾಡಿತು. ಅದಾಗಿ ಐದೇ ದಿನಕ್ಕೆ, ಡಿಸೆಂಬರ್ 10ರಂದು, ಸ್ಟಾಕ್‌ಹೋಮ್‌ನಲ್ಲಿ ಮೊದಲ ನೊಬೆಲ್ ಪ್ರಶಸ್ತಿಗಳ ಪ್ರದಾನ ನಡೆಯಿತು.

ಸೈನಿಕರ ಹೆಸರುಗಳ ದಾರಿ ಬೇರೆ. 17ನೇ ಶತಮಾನದ ಕೊನೆಗೆ ದೊರೆ 11ನೇ ಕಾರ್ಲ್ ತಂದ ವ್ಯವಸ್ಥೆಯಲ್ಲಿ ಕೆಲವು ಹೊಲಮನೆಗಳು ಸೇರಿ ಒಬ್ಬ ಸೈನಿಕನನ್ನು ಸಾಕಬೇಕು, ಅವನಿಗೆ ಒಂದು ಗುಡಿಸಲು ಮತ್ತು ತುಂಡು ಭೂಮಿ ಕೊಡಬೇಕು. ಒಂದೇ ದಳದಲ್ಲಿ ಹತ್ತಾರು ಆಂಡೆರ್‌ಸನ್‌ಗಳಿದ್ದರೆ ಹಾಜರಿ ಕರೆಯುವುದು ಹೇಗೆ? ಅದಕ್ಕೇ ಚುಟುಕು ಹೆಸರುಗಳನ್ನು ಕೊಟ್ಟರು: ರಾಸ್ಕ್ ಎಂದರೆ ಚುರುಕಿನವನು, ಮೂದಿಗ್ ಧೈರ್ಯಶಾಲಿ, ಖೋಲ್ಡ್ ಎಂದರೆ ಗುರಾಣಿ. ಒಬ್ಬ ಸೈನಿಕ ನಿವೃತ್ತನಾದರೆ ಅವನ ಗುಡಿಸಲಿಗೆ ಬರುವ ಹೊಸ ಸೈನಿಕನಿಗೆ ಎಷ್ಟೋ ಸಲ ಅದೇ ಹೆಸರು. ಹೆಸರು ಮನುಷ್ಯನದಲ್ಲ, ಗುಡಿಸಲಿನದು. ಹಾಗಾಗಿ ಇಬ್ಬರು ರಾಸ್ಕ್‌ಗಳು ರಕ್ತಸಂಬಂಧಿಗಳೆಂದು ಹೇಳಲಾಗದು.

ನೊಬೆಲ್‌ನದು ಇವೆರಡೂ ಅಲ್ಲದ ಮೂರನೆಯ ಬಗೆ. ಒಬ್ಬ ವಿದ್ಯಾರ್ಥಿ ತನಗಾಗಿ ಕಟ್ಟಿಕೊಂಡ ಹೆಸರು, ಅವನ ಸಂತತಿಯಲ್ಲಿ ಮಾತ್ರ ಹರಿದದ್ದು. ಇಂಥ ಹೆಸರು ಉಳಿಯಬೇಕಾದರೆ ಪ್ರತಿ ತಲೆಮಾರಿನಲ್ಲೂ ಗಂಡುಮಕ್ಕಳು ಬದುಕಿ, ಮದುವೆಯಾಗಿ, ಮಕ್ಕಳನ್ನು ಪಡೆಯಬೇಕಿತ್ತು. ಲಿನೇಯಸ್ ಅವರ ಒಬ್ಬನೇ ಉಳಿದ ಮಗ 1783ರಲ್ಲಿ ಮದುವೆಯಿಲ್ಲದೆ ತೀರಿಕೊಂಡಾಗ ಗಂಡುಸಂತತಿ ನಿಂತೇಹೋಯಿತು. ನೊಬೆಲ್ ಮನೆಗೂ ಅದು ದೂರದ ಅಪಾಯವಾಗಿರಲಿಲ್ಲ. ಶಸ್ತ್ರವೈದ್ಯನ ಮಗ, ಅವನೂ ಇಮ್ಮಾನುಯೆಲ್, 1801ರಲ್ಲಿ ಯೆವ್ಲೆಯಲ್ಲಿ ಹುಟ್ಟಿದ ಸಂಶೋಧಕ. ಅವನಿಗೂ ಹೆಂಡತಿ ಆಂದ್ರಿಯೆತ್ತಾಳಿಗೂ ಎಂಟು ಮಕ್ಕಳು. ಬಾಲ್ಯ ದಾಟಿದವರು ರಾಬರ್ಟ್, ಲುಡ್ವಿಗ್, ಆಲ್‌ಫ್ರೆಡ್, ಎಮಿಲ್ ಎಂಬ ನಾಲ್ವರೇ. ಕಿರಿಯ ಎಮಿಲ್ 1864ರಲ್ಲಿ ಸ್ಟಾಕ್‌ಹೋಮ್‌ನ ಹೆಲೆನೆಬೊರಿ ಎಂಬಲ್ಲಿ ನೈಟ್ರೋಗ್ಲಿಸರಿನ್ ಸಿಡಿದು ಸತ್ತಾಗ ಇನ್ನೂ ಇಪ್ಪತ್ತು ವರ್ಷದ ಹುಡುಗ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ಮದುವೆಯಾಗಲಿಲ್ಲ. 1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊದಲ್ಲಿ ತೀರಿಕೊಂಡರು. ಹೆಸರು ರಾಬರ್ಟ್ ಮತ್ತು ಲುಡ್ವಿಗ್ ಅವರ ಮಕ್ಕಳಿಂದ ಉಳಿಯಿತು.

ಲುಡ್ವಿಗ್ ಅವರದು ತುಂಬಿದ ಮನೆ, ಎರಡು ಮದುವೆಗಳಿಂದ ಬಹಳ ಮಕ್ಕಳು. ಅವರು ಬೆಳೆದದ್ದು ಸ್ವೀಡನ್ನಿನಲ್ಲಲ್ಲ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಣ್ಣತಮ್ಮಂದಿರು ಬಾಕುವಿನ ಎಣ್ಣೆಬಾವಿಗಳಲ್ಲಿ 1879ರಲ್ಲಿ ಕಟ್ಟಿದ ಕಂಪನಿ ರಷ್ಯಾದ ಅತಿ ದೊಡ್ಡ ತೈಲ ಉದ್ಯಮಗಳಲ್ಲೊಂದಾಗಿ ಬೆಳೆಯಿತು. ಆ ಕಾಲದಲ್ಲಿ ನೊಬೆಲ್ ಎಂದರೆ ರಷ್ಯನ್ನರಿಗೆ ಪ್ರಶಸ್ತಿಯಲ್ಲ, ಸೀಮೆಎಣ್ಣೆ. 1920ರಲ್ಲಿ ಬಾಕು ಬೋಲ್ಶೆವಿಕರ ಕೈಸೇರಿತು. ಕುಟುಂಬ ಆಸ್ತಿಯನ್ನೆಲ್ಲ ಬಿಟ್ಟು ಹೊರಬಿತ್ತು, ಹೆಚ್ಚಿನವರು ಸ್ವೀಡನ್ನಿಗೆ ಬಂದರು. ರಾಬರ್ಟ್ ಅವರ ಮಗ, ಚಿಕ್ಕಪ್ಪನ ಹೆಸರಿನವನೇ ಆದ ಲುಡ್ವಿಗ್, ಅದಕ್ಕೂ ಮುಂಚೆಯೇ ಸ್ಕೋನೆಯ ಬೋಸ್ಟಾಡ್‌ನಲ್ಲಿ ನೆಲೆಸಿ ಆ ಮೀನುಗಾರರ ಊರನ್ನು ಟೆನಿಸ್, ಗಾಲ್ಫ್‌ಗೆ ಹೆಸರಾದ ಕಡಲತೀರದ ಪಟ್ಟಣವಾಗಿ ಬೆಳೆಸಿದ. ಸ್ಕೋನೆಯಿಂದ ಹೊರಟ ಹೆಸರು ಹಾಗೆ ಅಲ್ಲಿಗೇ ಮರಳಿತ್ತು.

ಈಗ ಎಷ್ಟು ಮಂದಿ ಎಂಬ ಪ್ರಶ್ನೆ. ಸ್ವೀಡನ್ನಿನ ಅಂಕಿಅಂಶ ಇಲಾಖೆ ಪ್ರತಿ ಹೆಸರನ್ನೂ ಎಷ್ಟು ಜನ ಇಟ್ಟುಕೊಂಡಿದ್ದಾರೆಂದು ಎಣಿಸಿ ಇಡುತ್ತದೆ, ಯಾರು ಬೇಕಾದರೂ ನೋಡಬಹುದು. ಆ ದೇಶದಲ್ಲಿ ಈ ಎಣಿಕೆಗೆ ಕಾನೂನಿನ ಬೆಲೆಯಿದೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಹೆಸರುಗಳ ಕಾಯ್ದೆಯ ಪ್ರಕಾರ ಕನಿಷ್ಠ 2,000 ಜನ ಇಟ್ಟುಕೊಂಡಿರುವ ಅಡ್ಡಹೆಸರನ್ನು ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಯಾರು ಬೇಕಾದರೂ ಪಡೆಯಬಹುದು. ನಾಳೆ ನೀವು ಸ್ವೀಡನ್ನಿನಲ್ಲಿ ನೆಲೆಸಿದರೆ ಆಂಡೆರ್‌ಸನ್ ಆಗಲು ಅಡ್ಡಿಯಿಲ್ಲ. ಅದಕ್ಕಿಂತ ಕಡಿಮೆ ಜನರ ಹೆಸರಾದರೆ ಹತ್ತಿರದ ರಕ್ತಸಂಬಂಧವೋ ಮದುವೆಯೋ ಇರಬೇಕು. ನೊಬೆಲ್ ಆ ಗೆರೆಗಿಂತ ಬಹಳ ಕೆಳಗಿದೆ, ಆದ್ದರಿಂದ ಅಭಿಮಾನಕ್ಕಾಗಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಸಣ್ಣ ಮನೆತನಗಳ ಹೆಸರನ್ನು ಹೀಗೆ ಕಾಯುವುದು ಒಳ್ಳೆಯ ಏರ್ಪಾಡು ಎಂದು ನಾನು ನಂಬುತ್ತೇನೆ. ಹೆಸರೊಂದೇ ಗುರುತಾಗಿ ಉಳಿದಿರುವ ಕುಟುಂಬಗಳಿಗೆ ಅದು ಆಸ್ತಿಗಿಂತ ಕಡಿಮೆಯದಲ್ಲ.

ಸ್ವೀಡನ್ನಿನ ಹೊರಗೆ ನೊಬೆಲ್ ಎಂಬುವರು ಸಿಕ್ಕರೆ ಅವರನ್ನು ಈ ಮನೆತನಕ್ಕೆ ಜೋಡಿಸಬೇಡಿ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹೆಸರಾಂತ ಯಹೂದಿ ಧರ್ಮಗುರುವಾಗಿದ್ದ ನೆಹೆಮಿಯಾ ಆಂಟನ್ ನೊಬೆಲ್ ಹುಟ್ಟಿದ್ದು ಹಂಗರಿಯಲ್ಲಿ. ಅವರ ಹೆಸರಿಗೂ ನೊಬ್ಬೆಲೊವ್ ಹಳ್ಳಿಗೂ ಸಂಬಂಧವಿಲ್ಲ.

ಮನುಷ್ಯರಲ್ಲಿ ಅಪರೂಪವಾದ ಈ ಹೆಸರು ವಸ್ತುಗಳ ಮೇಲೆ ಧಾರಾಳವಾಗಿ ಇದೆ. ನಮ್ಮ ಬಣ್ಣದ ಅಂಗಡಿಗಳಲ್ಲಿ ಡ್ಯುಲಕ್ಸ್ ಡಬ್ಬಿಯ ಮೇಲೆ ಅಕ್ಜೊನೊಬೆಲ್ ಎಂಬ ಹೆಸರನ್ನು ನೀವು ಕಂಡಿರಬಹುದು: ಡಚ್ಚರ ಅಕ್ಜೊ ಮತ್ತು ಸ್ವೀಡನ್ನಿನ ನೊಬೆಲ್ ಇಂಡಸ್ಟ್ರೀಸ್ 1994ರಲ್ಲಿ ಒಂದಾದ ಕಂಪನಿ ಅದು. ಆ ನೊಬೆಲ್ ಇಂಡಸ್ಟ್ರೀಸ್‌ನ ಬೇರು ಆಲ್‌ಫ್ರೆಡ್ ತಮ್ಮ ಕೊನೆಯ ವರ್ಷಗಳಲ್ಲಿ ಕೊಂಡ ಬೊಫೋರ್ಸ್ ಕಾರ್ಖಾನೆಯಲ್ಲಿದೆ. 1986ರಲ್ಲಿ ನಮ್ಮ ಸೇನೆ ಫಿರಂಗಿ ಕೊಂಡದ್ದು ಅದೇ ಬೊಫೋರ್ಸ್‌ನಿಂದ. 102ನೇ ಧಾತುವಿಗೆ ನೊಬೆಲಿಯಮ್ ಎಂದು ಹೆಸರಿಟ್ಟವರು ಸ್ಟಾಕ್‌ಹೋಮ್‌ನ ನೊಬೆಲ್ ಸಂಸ್ಥೆಯಲ್ಲಿ 1957ರಲ್ಲಿ ಅದನ್ನು ಕಂಡೆವೆಂದ ವಿಜ್ಞಾನಿಗಳು. ಅವರ ಶೋಧ ನಿಲ್ಲಲಿಲ್ಲ, ಹೆಸರು ನಿಂತಿತು.

ಕುಟುಂಬದವರಿಗೆ ನೋವಾದದ್ದು ಅರ್ಥಶಾಸ್ತ್ರದ ಬಹುಮಾನದ ವಿಷಯದಲ್ಲಿ. 1895ರ ಉಯಿಲಿನಲ್ಲಿ ಆಲ್‌ಫ್ರೆಡ್ ಹೇಳಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯ, ಸಾಹಿತ್ಯ, ಶಾಂತಿ ಎಂಬ ಐದನ್ನು ಮಾತ್ರ. ಅರ್ಥಶಾಸ್ತ್ರದ ಪ್ರಶಸ್ತಿ ಸ್ವೀಡನ್ನಿನ ಕೇಂದ್ರ ಬ್ಯಾಂಕು 1968ರಲ್ಲಿ ಅವರ ನೆನಪಿಗೆಂದು ತಾನಾಗಿ ಸ್ಥಾಪಿಸಿದ್ದು. ಲುಡ್ವಿಗ್ ಅವರ ಮರಿಮಗ, ವಕೀಲ ಪೀಟರ್ ನೊಬೆಲ್ ಇದನ್ನು ಮನೆತನದ ಹೆಸರಿನ ದುರ್ಬಳಕೆ ಎಂದು ವರ್ಷಗಟ್ಟಲೆ ಬಹಿರಂಗವಾಗಿ ವಿರೋಧಿಸಿದರು. ನನಗೆ ಅವರ ವಾದದಲ್ಲಿ ಹುರುಳು ಕಾಣುತ್ತದೆ. ಅರ್ಥಶಾಸ್ತ್ರದ ಬಹುಮಾನ ಮುಂದುವರಿದಿದೆ. ಅದರ ನಂತರ ಆ ಹೆಸರಿನಲ್ಲಿ ಇನ್ನಾವ ಹೊಸ ವಿಷಯಕ್ಕೂ ಪ್ರಶಸ್ತಿ ಸೇರಿಸಬಾರದೆಂದು ನೊಬೆಲ್ ಪ್ರತಿಷ್ಠಾನ ನಿರ್ಧರಿಸಿತು.