ಡ್ರೈ ನೀಡ್ಲಿಂಗ್: ಸೂಜಿ ಚುಚ್ಚುವ ಮುನ್ನ

ಹಾನಗಲ್‌ನ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವವರಿಗೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕುತ್ತಿಗೆ, ಭುಜ, ರಟ್ಟೆ ಗಂಟು ಕಟ್ಟಿದಂತೆ ಬಿಗಿಯುವುದು ಹೊಸದಲ್ಲ. ಆ ಗಂಟಿಗೆ ತೆಳ್ಳನೆಯ ಸೂಜಿ ಚುಚ್ಚಿ ಬಿಗಿತ ಸಡಿಲಿಸುವುದೇ ಡ್ರೈ ನೀಡ್ಲಿಂಗ್. ಇದರಲ್ಲಿ ಯಾವ ಔಷಧವನ್ನೂ ಒಳಗೆ ಬಿಡುವುದಿಲ್ಲ. ಫಿಸಿಯೋಥೆರಪಿಸ್ಟರಷ್ಟೇ ಅಲ್ಲ, ಕೈ ಮತ್ತೆ ಕುಡುಗೋಲು ಹಿಡಿಯುವಂತೆ, ರೊಟ್ಟಿ ಬಡಿಯುವಂತೆ ಮಾಡುವ ಆಕ್ಯುಪೇಷನಲ್ ಥೆರಪಿಸ್ಟರೂ ಕೆಲವೆಡೆ ಇದನ್ನು ಬಳಸುತ್ತಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ಊರುಗಳಲ್ಲಿ ಇದನ್ನು ಶುರು ಮಾಡುವವರು ಏನೇನು ಸಿದ್ಧ ಮಾಡಿಕೊಂಡಿರಬೇಕು?

ಮೊದಲು ಅರ್ಹತೆ

2021ರ ರಾಷ್ಟ್ರೀಯ ಕಾಯ್ದೆಯೊಂದು ಆಕ್ಯುಪೇಷನಲ್ ಥೆರಪಿಯನ್ನೂ ಒಳಗೊಂಡು, ಇಂಥ ಆರೋಗ್ಯ ವೃತ್ತಿಗಳಿಗೆ ಆಯೋಗ ಮತ್ತು ರಾಜ್ಯ ಪರಿಷತ್ತಿನ ವ್ಯವಸ್ಥೆ ತಂದಿದೆ. ಸೂಜಿ ಹಿಡಿಯುವುದು ನಿಮ್ಮ ವೃತ್ತಿಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಪರಿಷತ್ತಿನಿಂದ ಬರಹದಲ್ಲೇ ಉತ್ತರ ಪಡೆಯಿರಿ. ಪದವಿಯೊಂದೇ ಸಾಲದು, ಪ್ರತ್ಯೇಕ ತರಬೇತಿ ಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಫಿಸಿಯೋಥೆರಪಿಸ್ಟರಿಗೇ 80 ಗಂಟೆಯ ತರಬೇತಿ ಕಡ್ಡಾಯ ಮಾಡಿದೆ. ಅದರಲ್ಲಿ 40 ಗಂಟೆ ಕೈಯಾರೆ ಮಾಡಿ ಕಲಿಯಬೇಕು. ಶನಿವಾರ, ಭಾನುವಾರದ ಶಿಬಿರ ಮುಗಿಸಿ ಬಂದು ಸೋಮವಾರ ರೋಗಿಯ ಬೆನ್ನಿಗೆ ಸೂಜಿ ಹಾಕುವುದನ್ನು ನಾನಂತೂ ಒಪ್ಪಲಾರೆ. ಮುಂಗೈ, ಮೀನಖಂಡದಂಥ ಜಾಗಗಳಲ್ಲಿ ಅನುಭವಿಗಳ ಎದುರೇ ಕೈ ಪಳಗಲಿ. ಬೆನ್ನು, ಪಕ್ಕೆಲುಬಿನ ಸರದಿ ಕೊನೆಗೆ ಬರಲಿ.

ಎದೆಗೂಡಿನ ಎಚ್ಚರ

ಅತಿ ದೊಡ್ಡ ಅಪಾಯ ಶ್ವಾಸಕೋಶಕ್ಕೆ ಸೂಜಿ ತಾಗುವುದು. ಶ್ವಾಸಕೋಶದ ತುದಿ ಕತ್ತುಪಟ್ಟಿ ಎಲುಬಿಗಿಂತ ಮೇಲಕ್ಕೆ ಚಾಚಿರುತ್ತದೆ. ಜನ ಹೆಚ್ಚಾಗಿ ನೋವೆಂದು ಕೈಯಿಟ್ಟು ತೋರಿಸುವ ಭುಜದ ಸ್ನಾಯು ಅದರ ಹತ್ತಿರವೇ ಇದೆ. ಹಾಗಾಗಿ ಸ್ನಾಯುವನ್ನು ಬೆರಳುಗಳ ನಡುವೆ ಎತ್ತಿ ಹಿಡಿದು, ಸೂಜಿಯ ಮೊನೆ ಎದೆಯ ಕಡೆ ತಿರುಗದಂತೆ ಚುಚ್ಚುವುದನ್ನು ಕಲಿತಿರಲೇಬೇಕು. ತಾಗಿದರೆ ಎದೆನೋವು, ಉಬ್ಬಸ, ಒಣಕೆಮ್ಮು ಬರುತ್ತವೆ. ಒಮ್ಮೊಮ್ಮೆ ಅವು ಕಾಣಿಸಿಕೊಳ್ಳುವುದು ಹಲವು ಗಂಟೆಗಳ ನಂತರ. ಅಷ್ಟರಲ್ಲಿ ರೋಗಿ ಕೊನೆಯ ಬಸ್ ಹತ್ತಿ ಹಳ್ಳಿ ಸೇರಿರುತ್ತಾರೆ. ಆದ್ದರಿಂದ ಈ ಭಾಗದ ಚಿಕಿತ್ಸೆಯನ್ನು ಬೆಳಗ್ಗೆಯೇ ಮಾಡಿ. ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕೆಂದು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಿ.

ಕೇಳಲೇಬೇಕಾದ ಪ್ರಶ್ನೆಗಳು

ರಕ್ತ ತೆಳುವಾಗಿಸುವ ಮಾತ್ರೆ ನಡೆದಿದೆಯೇ? ಬಸುರಿಯೇ? ಸಕ್ಕರೆ ಕಾಯಿಲೆ, ಮೂರ್ಛೆರೋಗ ಇದೆಯೇ? ಚುಚ್ಚುವ ಜಾಗದಲ್ಲಿ ಹುಣ್ಣು, ಬಾವು ಇದೆಯೇ? ಸೂಜಿ ಎಂದರೆ ತಲೆ ಸುತ್ತುತ್ತದೆಯೇ? ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ. ಬೇಡ ಎಂದವರಿಗೆ ಒತ್ತಾಯ ಸಲ್ಲದು.

ಚುಚ್ಚುವಾಗ, ತೆಗೆಯುವಾಗ

ರೋಗಿ ಮಲಗಿರಲಿ, ಕುಳಿತವರು ತಲೆ ಸುತ್ತಿ ಬೀಳಬಹುದು. ಕೈ ತೊಳೆದು, ಗ್ಲೌಸ್ ಹಾಕಿ, ಹೊಸ ಸ್ಟೆರೈಲ್ ಸೂಜಿಯ ಪೊಟ್ಟಣವನ್ನು ರೋಗಿಯ ಕಣ್ಣೆದುರೇ ಒಡೆಯಿರಿ. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂದು ಎಣಿಸಿ. ಬಳಸಿದ್ದು ಕಸದ ಬುಟ್ಟಿಗಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಥೆರಪಿಸ್ಟರು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿರಬೇಕು. ಬಳಸಿದ ಸೂಜಿ ತಮಗೇ ಚುಚ್ಚಿದರೆ ಸೋಪು, ನೀರಿನಿಂದ ತೊಳೆದು ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಲೇಬೇಕು, ಬೇಗ ಆದಷ್ಟೂ ಒಳ್ಳೆಯದು.

ಮನೆಗೆ ಕಳಿಸುವಾಗ

ಒಂದೆರಡು ದಿನ ಮೈನೋವು, ಚುಚ್ಚಿದಲ್ಲಿ ಸ್ವಲ್ಪ ಕಪ್ಪುಗಟ್ಟುವುದು ಸಹಜ. ಸೂಜಿಯ ಹಿಂದೆಯೇ ವ್ಯಾಯಾಮ, ಕೆಲಸದ ಭಂಗಿಯ ತಿದ್ದುಪಡಿ ಬರದಿದ್ದರೆ ಅದೇ ನೋವು ಮರಳಿ ಬರುತ್ತದೆ. ಯಾವ ಸ್ನಾಯುವಿಗೆ, ಎಷ್ಟು ಸೂಜಿ, ಎಷ್ಟು ಹೊತ್ತಿಗೆ ಹಾಕಿದ್ದು ಎಂದು ಒಂದು ಚೀಟಿಯಲ್ಲಿ ಬರೆದು, ನಿಮ್ಮ ಫೋನ್ ನಂಬರಿನ ಜೊತೆ ರೋಗಿಯ ಕೈಗೆ ಕೊಡಿ. ರಾತ್ರಿ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಅವರನ್ನು ನೋಡುವ ಡ್ಯೂಟಿ ಡಾಕ್ಟರಿಗೆ ಮೊದಲು ಬೇಕಾಗುವುದು ಆ ಚೀಟಿಯೇ.