ನಾನು ಕಂಡ ಬಾತು ಯಾವುದು?

ಹೋದ ತಿಂಗಳು ನಾನು ತರಗತಿಯಲ್ಲಿ ಎದ್ದು ನಿಂತು, "ಹಾವೇರಿಯ ಹೆಗ್ಗೇರಿ ಕೆರೆಯಲ್ಲಿ ಗುಲಾಬಿ ತಲೆಯ ಬಾತು ನೋಡಿದೆ" ಎಂದು ಹೇಳಿದ್ದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಹೇಳಿದ್ದು ತಪ್ಪು. ಅದು ಹೇಗೆ ತಪ್ಪು, ನಾನು ನಿಜವಾಗಿ ನೋಡಿದ್ದು ಯಾವ ಬಾತು ಎಂದು ತಿಳಿಸಲು ಈ ಲೇಖನ ಬರೆದಿದ್ದೇನೆ.

ಅಂದು ಶಾಲೆಗೆ ರಜೆ ಇತ್ತು. ಕಾಕಾ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಒಯ್ದಿದ್ದರು. ನಾನೂ ಟೆಂಪೋದಲ್ಲಿ ಹೋಗಿದ್ದೆ. ತಿರುಗಿ ಬರುವಾಗ ಹಾವೇರಿ ಹತ್ತಿರ, "ಕಾಕಾ, ಒಂದೀಟು ಹೆಗ್ಗೇರಿ ಕಡೆ ಹೊಳ್ಳಸ್ರಿ, ಹೊರಗಿನ ಹಕ್ಕಿ ಬಂದಾವಂತ" ಎಂದೆ. "ಹತ್ತ ನಿಮಿಷ ಅಷ್ಟ ನೋಡು, ಕತ್ತಲಾಕ್ಕೇತಿ" ಎಂದು ಕಾಕಾ ಗಾಡಿ ಹೊಳ್ಳಿಸಿದರು. ಹೆಗ್ಗೆರೆ ಎಂದರೆ ಹಿರಿದಾದ ಕೆರೆ. ಹೆಸರಿಗೆ ತಕ್ಕಂತೆ ಆಚೆ ದಂಡೆ ದೂರ ಕಾಣುತ್ತದೆ.

ನೀರಿನ ತುಂಬ ಕರೀ ಮೈ, ಬಿಳೀ ನಾಮದ ನಾಮದ ಕೋಳಿಗಳು ಇದ್ದವು. ಅವುಗಳ ನಡುವೆ ಒಂದು ಬಾತು ಬೇರೆ ಥರ ಕಂಡಿತು. ನನ್ನ ಹತ್ತಿರ ದುರ್ಬೀನು ಇರಲಿಲ್ಲ. ಕಾಕಾನ ತೂಕದ ಚೀಟಿಯ ಹಿಂದೆ ಹೀಗೆ ಬರೆದುಕೊಂಡೆ: "ತಲಿ ಕೆಂಪು. ಎದಿ ಕಪ್ಪು. ಬೆನ್ನು ಬೂದಿ ಬಣ್ಣ. ನೀರಾಗ ಮುಳುಗಿ ಬ್ಯಾರೆ ಕಡೆ ಏಳತೈತಿ."

ಗುಲಾಬಿ ತಲೆಯ ಬಾತಿನ ಚಿತ್ರವನ್ನು ನಾನು ಹಕ್ಕಿಗಳ ಪುಸ್ತಕದಲ್ಲಿ ನೋಡಿದ್ದೆ. ಸಂಜೆ ಬಿಸಿಲು ಬಿದ್ದು ಆ ಕೆಂಪು ತಲೆ ಗುಲಾಬಿಯಂತೆ ಕಂಡಿತು. ಅದೇ ಇದು ಎಂದುಕೊಂಡೆ. ಆದರೆ ಚಿತ್ರದ ಕೆಳಗಿನ ಬರಹ ಓದಿರಲಿಲ್ಲ! ಸರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಆ ಚೀಟಿ ತಗೊಂಡು ಬಾ, ಪುಸ್ತಕದ ಜೋಡಿ ಹೊಂದಿಸಿ ನೋಡೂಣು" ಎಂದರು. ಹೊಂದಿಸಿ ನೋಡಿದಾಗ ತಿಳಿದದ್ದು ಇದು.

ಗುಲಾಬಿ ತಲೆಯ ಬಾತು: ಇದರ ತಲೆ ಮತ್ತು ಕುತ್ತಿಗೆ ಗುಲಾಬಿ, ಮೈಯೆಲ್ಲ ಕಡು ಕಂದು. ಗಂಗಾ, ಬ್ರಹ್ಮಪುತ್ರಾ ನದಿಗಳ ಬಯಲಿನಲ್ಲಿ, ಎತ್ತರದ ಹುಲ್ಲು ಬೆಳೆದ ಜೌಗಿನಲ್ಲಿ ಇರುತ್ತಿತ್ತು. ಜೌಗು ಭೂಮಿ ಹೊಲವಾಯಿತು, ಬೇಟೆಯೂ ನಡೆಯಿತು. ನಮ್ಮ ದೇಶದಲ್ಲಿ ಇದನ್ನು ಖಚಿತವಾಗಿ ಕಡೆಯ ಸಲ ಕಂಡದ್ದು 1935ರಲ್ಲಿ, ಬಿಹಾರದ ದರ್ಭಾಂಗಾ ಕಡೆ. ಅದೂ ಗುಂಡಿಗೆ ಬಲಿಯಾಗಿತ್ತು.

ಕೆಂಪು ತಲೆಯ ಬಾತು: ಇಂಗ್ಲಿಷಿನಲ್ಲಿ ಪೊಚಾರ್ಡ್ ಎನ್ನುತ್ತಾರೆ. ಗಂಡಿನ ತಲೆ ಕೆಂಗಂದು, ಎದೆ ಕಪ್ಪು, ಬೆನ್ನು ಬೂದಿ ಬಣ್ಣ. ಹೆಣ್ಣು ಮಾಸಲು ಕಂದು. ಚೀಟಿಯಲ್ಲಿ ಇದ್ದದ್ದು ಇದೇ. ಪೊಚಾರ್ಡ್ ಜಾತಿಯಲ್ಲಿ ಕೆಂಪು ಕೊಕ್ಕಿನದು ಇನ್ನೊಂದಿದೆ. ನಾನು ಕೊಕ್ಕಿನ ಬಣ್ಣ ಬರೆದಿರಲಿಲ್ಲ. ಆದರೆ ಅದರ ಬೆನ್ನು ಕಂದು, ಬೂದಿಯಲ್ಲ. ಹೀಗಾಗಿ "ಬೆನ್ನು ಬೂದಿ" ಎಂಬ ಎರಡು ಶಬ್ದವೇ ನನ್ನನ್ನು ಉಳಿಸಿದವು.

ಬಾತು ಗುರುತಿಸುವ ಕ್ರಮ:
1. ಸೂರ್ಯ ನಮ್ಮ ಬೆನ್ನಿಗೆ ಇರಬೇಕು. ಎದುರು ಬಿಸಿಲು ಮತ್ತು ಸಂಜೆ ಬೆಳಕು ಬಣ್ಣ ಕೆಡಿಸುತ್ತವೆ.
2. ಕೊಕ್ಕು, ತಲೆ, ಎದೆ, ಬೆನ್ನು ಹೀಗೆ ಒಂದೊಂದೇ ಭಾಗದ ಬಣ್ಣ ಬರೆಯಬೇಕು.
3. ಮೇಯುವುದನ್ನು ನೋಡಬೇಕು. ವರಟೆ ಬಾತು ತಲೆ ಕೆಳಗೆ, ಬಾಲ ಮೇಲೆ ಮಾಡಿ ಮೇಯುತ್ತದೆ. ಪೊಚಾರ್ಡ್ ಪೂರ್ತಿ ಮುಳುಗುತ್ತದೆ.
4. ಹಾರುವುದನ್ನು ನೋಡಬೇಕು. ವರಟೆ ನೀರಿನಿಂದ ನೇರ ಮೇಲೇಳುತ್ತದೆ. ಪೊಚಾರ್ಡಿನ ಕಾಲು ಹಿಂದಕ್ಕೆ ಇರುವುದರಿಂದ ನೀರ ಮೇಲೆ ಓಡಿ ಆಮೇಲೆ ಹಾರುತ್ತದೆ.
5. ಹೆಸರು ಕಡೆಗೆ ಹೇಳಬೇಕು. ನಾನು ಮೊದಲು ಹೇಳಿದ್ದೇ ತಪ್ಪಾಯಿತು.

ಹಾಗಾದರೆ ನಾನು ನೋಡಿದ ಬಾತು ಸಾದಾ ಬಾತೇ? ಹಿಂದೆ ಹಾಗೇ ತಿಳಿದಿದ್ದರು. ಯುರೋಪಿನಿಂದ ಸೈಬೀರಿಯಾವರೆಗೆ ಮರಿ ಮಾಡುವ ಈ ಬಾತು ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ. ಆದರೆ ಸಂಖ್ಯೆ ಬೇಗ ಇಳಿದದ್ದರಿಂದ 2015ರಲ್ಲಿ ಇದನ್ನು ಜಗತ್ತಿನ ಅಪಾಯದ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಈ ಬಾತು ಬರುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಆ ಕೆರೆ ಹೆಸರಾಗಿದೆ. 2024ರಲ್ಲಿ ಅದು ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಅದು ಸಮುದ್ರವೇನಲ್ಲ, ಹೊಲಕ್ಕೆ ನೀರುಣಿಸಲು ಜನರೇ ಕಟ್ಟಿದ ಸುಮಾರು 50 ಹೆಕ್ಟೇರಿನ ಕೆರೆ. ಅಂದರೆ ನಮ್ಮ ಊರ ಕೆರೆಯಂಥದ್ದೇ.

ಸಾದಾ ಹಕ್ಕಿ ಅಪರೂಪವಾಗುವುದಕ್ಕೆ ದೂರದ ಉದಾಹರಣೆ ಬೇಡ. ರಾಣೆಬೆನ್ನೂರಿನ ಬಯಲಿನಲ್ಲಿ ಹಿಂದೆ ಎರೆಭೂತ ಎಂಬ ದೊಡ್ಡ ಹಕ್ಕಿ ಓಡಾಡುತ್ತಿತ್ತು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಕೃಷ್ಣಮೃಗ ಇಂದಿಗೂ ಇವೆ. ಎರೆಭೂತ ನೋಡಿದೆ ಎನ್ನುವವರು ಈಗ ನಮ್ಮ ವಾರಿಗೆಯಲ್ಲಿ ಯಾರೂ ಇಲ್ಲ. ಅಜ್ಜಂದಿರನ್ನು ಕೇಳಬೇಕು. ಅವರು ದಿನಾ ನೋಡುವ ಹಕ್ಕಿ ಅಂತ ಎಣಿಸಿ ಬರೆದಿಡಲಿಲ್ಲ.

ಅದಕ್ಕೇ ನನ್ನದೊಂದು ವಿನಂತಿ. ಪ್ರತಿ ಭಾನುವಾರ ನಾವು ನಾಲ್ಕು ಮಂದಿ ಊರ ಕೆರೆಗೆ ಹೋಗೋಣ. ಗುಳುಮುಳುಕ, ನಾಮದ ಕೋಳಿ, ವರಟೆ, ಎಲ್ಲವನ್ನೂ ಎಣಿಸಿ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯೋಣ. ಕೊಕ್ಕಿನ ಬಣ್ಣ ಮರೆಯದೆ ಬರೆಯುವವನು ನಾನು. ಆ ತೂಕದ ಚೀಟಿಯನ್ನು ಈ ಲೇಖನದ ಕೆಳಗೆ ಅಂಟಿಸಿದ್ದೇನೆ. ನೀವೇ ಓದಿ ನೋಡಿ. ಅದರಲ್ಲಿ ಗುಲಾಬಿ ಎಂಬ ಶಬ್ದ ಎಲ್ಲಿಯೂ ಇಲ್ಲ.