ಒಂಟೆಯನ್ನು ಕಟ್ಟಿದ್ದೇವೆಯೇ?

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಸುರಂಗದಲ್ಲಿ ದುಡಿದ ಅನೇಕರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಇನ್ನೂ ಕೂತಿದೆ. ಬಂಗಾರಪೇಟೆಯ ನನ್ನ ತಂದೆಯವರೂ ಅವರಲ್ಲೊಬ್ಬರು. ಫ್ಲೂ ಲಸಿಕೆ ಹಾಕಿಸಿರೆಂದು ವೈದ್ಯರು ಹೇಳಿದಾಗ, "ಅಲ್ಲಾಹನಿದ್ದಾನೆ" ಎಂದು ನಾನೇ ಮುಂದೂಡಿದೆ. ಆ ಚಳಿಗಾಲ ನೆಗಡಿಯಂತೆ ಆರಂಭವಾದ ಫ್ಲೂ ನ್ಯುಮೋನಿಯಾಕ್ಕೆ ತಿರುಗಿತು. ರಾತ್ರಿಯಿಡೀ ಕೂತೇ ಏದುಸಿರು ಬಿಡುತ್ತಿದ್ದ ಅವರನ್ನು ಕಂಡಾಗ ಅರಿವಾಯಿತು: ನನ್ನದು ತವಕ್ಕುಲ್ ಅಲ್ಲ, ಆಲಸ್ಯ.

ಮೊದಲು ಒಂಟೆಯನ್ನು ಕಟ್ಟಿ, ಅನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಫ್ಲೂ ವೈರಾಣು ರೂಪ ಬದಲಿಸುತ್ತಿರುತ್ತದೆ. ಆದ್ದರಿಂದ ಲಸಿಕೆ ಪ್ರತಿ ವರ್ಷ ಬೇಕು. ಅದು ಜ್ವರವನ್ನು ಪೂರ್ತಿ ತಡೆಯದಿದ್ದರೂ ಅಪಾಯವನ್ನು ತಗ್ಗಿಸುತ್ತದೆ. ಗುಣಪಡಿಸುವವನು ಅಲ್ಲಾಹನೇ. ಅವನ ಕೃಪೆಯಿಂದ ತಂದೆಯವರು ಚೇತರಿಸಿಕೊಂಡರು. ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ತಡಮಾಡದಿರಿ.